ದಪ್ಪ ಎಣ್ಣೆ ಹಾಕಿದರೆ ಹೊಗೆ ನಿಲ್ಲುತ್ತದೆಯೇ?

ಕಂಪ್ಲಿಯಿಂದ ಒಂದು ಕಾಗದ ಬಂದಿದೆ. ಬರೆದವಳು ಎಂಟನೆಯ ತರಗತಿಯ ಹುಡುಗಿ. ಅಕ್ಷರ ದುಂಡಗಿದೆ, ಪ್ರಶ್ನೆ ಮಾತ್ರ ಮೊನಚಾಗಿದೆ.

ಅವಳ ತಾತನ ಹತ್ತಿರ ಇಪ್ಪತ್ತು ವರ್ಷದ ಹಳೆಯ ಪೆಟ್ರೋಲ್ ಕಾರಿದೆ. 1,80,000 ಕಿಲೋಮೀಟರ್ ಓಡಿದೆ. ವಾರಕ್ಕೊಮ್ಮೆ ತಾತ ಅದರಲ್ಲೇ ಅಜ್ಜಿಯನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಬರುತ್ತಾರೆ. ಅಜ್ಜಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಈಚೆಗೆ ಕಾರು ನೀಲಿ ಹೊಗೆ ಬಿಡುತ್ತಿದೆ. ಅಪ್ಪ ಹೇಳುತ್ತಾರಂತೆ, ದೀಪಾವಳಿಯೊಳಗೆ ಗುಜರಿಗೆ ಹಾಕೋಣ. ತಾತ ಹೇಳುತ್ತಾರಂತೆ, ದಪ್ಪ ಆಯಿಲ್ ಹಾಕಿದರೆ ಎಲ್ಲ ಸರಿಹೋಗುತ್ತದೆ. ಮನೆಯಲ್ಲಿ ಇಬ್ಬರೂ ಸರಿಯಾಗಿ ಮಾತಾಡುತ್ತಿಲ್ಲ. “ಯಾರು ಹೇಳುವುದು ಸರಿ, ನೀವೇ ಬರೆಯಿರಿ” ಎಂದಿದ್ದಾಳೆ.

ಕೂಸೇ, ಇಬ್ಬರೂ ಅವಸರ ಮಾಡುತ್ತಿದ್ದಾರೆ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ನಿಮ್ಮ ತಾತ ಮಾಡಬೇಕೆಂದಿರುವ ತಪ್ಪನ್ನು ನಾನು ಮೊದಲೇ ಮಾಡಿ ಮುಗಿಸಿದ್ದೇನೆ.

ನನ್ನದು 2004ರ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ. ಆಗ ಅದು ಒಂದೂವರೆ ಲಕ್ಷ ಕಿಲೋಮೀಟರ್ ದಾಟಿತ್ತು. ಒಂದು ಬೇಸಿಗೆಯಲ್ಲಿ ಅದೂ ನಿಮ್ಮ ತಾತನ ಕಾರಿನಂತೆಯೇ ನೀಲಿ ಹೊಗೆ ಬಿಡಲು ಶುರುಮಾಡಿತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎದುರುಮನೆಯವರು ಕಿಟಕಿ ಮುಚ್ಚುತ್ತಿದ್ದರು. ಅಂಗಡಿಯೊಂದರಲ್ಲಿ ಕೇಳಿದೆ. “20-50 ಹಾಕ್ರಿ ಮೇಷ್ಟ್ರೇ, ಜೊತೆಗೆ ಈ ಬಾಟ್ಲಿ ಸುರೀರಿ. ಹೊಗೆ ಅಲ್ಲೇ ನಿಂತುಬಿಡ್ತೈತಿ” ಅಂದರು. ಬಾಟಲಿಯಲ್ಲಿದ್ದದ್ದು ಬೆಲ್ಲದ ಪಾಕದಂಥ ಅಂಟು ದ್ರವ. ಹಾಕಿದೆ. ಹೊಗೆ ನಿಜವಾಗಿಯೂ ಕಡಿಮೆಯಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅಲ್ಲಿಂದಾಚೆ ಬಾನೆಟ್ ಎತ್ತುವುದನ್ನೇ ಬಿಟ್ಟೆ.

ಸೆಪ್ಟೆಂಬರ್ ಬಂತು. ಮಳೆ ಮುಗಿಯುವ ಹೊತ್ತಿಗೆ ಸಂಡೂರಿನ ಬೆಟ್ಟಗಳು ಹೇಗಿರುತ್ತವೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ನನ್ನಾಕೆ, ಆಗ ಆರನೆಯ ತರಗತಿಯಲ್ಲಿದ್ದ ಮೊಮ್ಮಗಳು, ನಾನು, ಬುತ್ತಿ ಕಟ್ಟಿಕೊಂಡು ನಾರಿಹಳ್ಳದ ಜಲಾಶಯ ನೋಡಲು ಹೋದೆವು. ವಾಪಸ್ಸು ಹೊಸಪೇಟೆಗೆ ಬರುವಾಗ ಘಾಟಿಯ ತಿರುವೊಂದರಲ್ಲಿ ಮೀಟರಿನ ಪಕ್ಕ ಕೆಂಪು ದೀಪ ಮಿಣಕ್ ಅಂತು. ಮೂತಿಯಿಂದ ಹನಿ ಬೀಳುತ್ತಿರುವ ಎಣ್ಣೆಗಿಂಡಿಯ ಚಿತ್ರವಿರುತ್ತದಲ್ಲ, ಅದು.

“ರೀ, ಅದ್ಯಾಕೆ ಹತ್ತಿಕೊಂಡಿತು?” ಎಂದಳು ನನ್ನಾಕೆ.

“ವೈರ್ ಲೂಸ್ ಇರಬೇಕು” ಎಂದೆ.

ಮುಂದಿನ ತಿರುವಿನಲ್ಲಿ ಮತ್ತೆ ಮಿಣಕ್. ಅದರ ಮುಂದಿನದರಲ್ಲೂ. ಹಿಂದಿನ ಸೀಟಿನಿಂದ ಮೊಮ್ಮಗಳು, “ತಾತ, ಎಡಕ್ಕೆ ತಿರುಗಿದಾಗ ಮಾತ್ರ ಹತ್ತುತ್ತೆ, ನೋಡು” ಅಂದಳು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು ನಾನು. ಗಮನಿಸಿದವಳು ಆರನೆಯ ತರಗತಿಯ ಹುಡುಗಿ. ಅಷ್ಟರಲ್ಲಿ ಇಂಜಿನ್ನಿಂದ ಟಕಟಕ ಎಂದು ಹೊಲಿಗೆಯಂತ್ರದಂಥ ಸದ್ದು. ಕೊನೆಗೂ ನಿಲ್ಲಿಸಿದೆ.

ಗೇಜ್ ಕಡ್ಡಿ ಎಳೆದು ನೋಡಿದರೆ ತುದಿಯಲ್ಲಿ ಎಣ್ಣೆಯ ಗುರುತೇ ಇಲ್ಲ.

ಹಿಂದೆ ಬರುತ್ತಿದ್ದ ಲಾರಿಯೊಂದು ನಿಂತಿತು. ಡ್ರೈವರ್ ಇಳಿದು ಬಂದು, ಕಡ್ಡಿ ನೋಡಿ, ಏನೂ ಮಾತಾಡದೆ ತನ್ನ ಕ್ಯಾಬಿನ್ನಿನಿಂದ ಅರ್ಧ ಖಾಲಿಯಾದ ಒಂದು ಡಬ್ಬಿ ತಂದ. ಅದು ಡೀಸೆಲ್ ಲಾರಿಯ ಆಯಿಲ್, 15-40. “ಇದು ನಮ್ಮ ಗಾಡಿಗೆ ಆಗುತ್ತೇನಪ್ಪಾ?” ಎಂದು ಅನುಮಾನಿಸಿದೆ. ಅವನು ನಕ್ಕ. “ಯಜಮಾನ್ರೇ, ಎಣ್ಣಿ ಇಲ್ಲದಾಗ ಯಾವ ಎಣ್ಣಿ ಅಂತ ಕೇಳಬಾರ್ದು.” ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮೊಮ್ಮಗಳ ಕೈಯಲ್ಲಿದ್ದ ಸೀತಾಫಲ ಎರಡನ್ನು ಮಾತ್ರ ಇಸಕೊಂಡು ಹೋದ.

ಆ ದಿನ ಏನಾಯಿತು ಎನ್ನುವುದನ್ನು ಬಿಡಿಸಿ ಹೇಳಿದರೆ, ಯಾವ ಆಯಿಲ್ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ.

ಮೊದಲು, ಇಂಜಿನ್ನಿಗೆ ಎಣ್ಣೆ ಯಾಕೆ? ಇದನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಚೆನ್ನಾಗಿ ಹೇಳಬಲ್ಲರು. ಎತ್ತಿನ ಗಾಡಿಯ ಅಡಿಯಲ್ಲಿ ಬಿದಿರಿನ ಗೊಟ್ಟವೊಂದು ತೂಗಾಡುತ್ತಿದ್ದದ್ದು ನೆನಪಿದೆಯೇ? ಅದರಲ್ಲಿ ಕೀಲೆಣ್ಣೆ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿ ಮಾಡಿದ್ದು. ಗಾಡಿಯ ಅಚ್ಚು ಕಿರ್ ಎಂದು ಅಳಲು ಶುರುವಾದರೆ ಚಕ್ರ ಸಡಿಲಿಸಿ ಅದನ್ನು ಬಳಿಯುತ್ತಿದ್ದರು. ಹೊರದೇಶದವರೂ ಮೊದಲು ಇದೇ ಎಣ್ಣೆಗೆ ಶರಣಾಗಿದ್ದರು. ಔಡಲೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಎನ್ನುತ್ತಾರಲ್ಲ, ‘ಕ್ಯಾಸ್ಟ್ರಾಲ್’ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ, 1909ರಲ್ಲಿ. ಮೊದಲ ಮಹಾಯುದ್ಧದ ಹಲವು ವಿಮಾನಗಳ ಇಂಜಿನ್ನುಗಳು ಓಡಿದ್ದು ಔಡಲೆಣ್ಣೆಯ ಮೇಲೆ. ಹೊಟ್ಟೆ ಕಟ್ಟಿದಾಗ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಎಣ್ಣೆ ಆಕಾಶದಲ್ಲೂ ಹಾರಿದೆ ಎಂದರೆ ಮಕ್ಕಳು ನಂಬುವುದಿಲ್ಲ, ಆದರೆ ನಿಜ.

ಗಾಡಿಯ ಚಕ್ರ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ತಿರುಗೀತು. ಕಾರಿನ ಇಂಜಿನ್ 3,000 ಸುತ್ತು. ಅಂದರೆ ನೀನು ‘ಒಂದು’ ಎಂದು ಎಣಿಸುವಷ್ಟರಲ್ಲಿ ಐವತ್ತು ಸುತ್ತು. ಒಳಗೆ ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ಎಣ್ಣೆಯ ಒಂದು ಪೊರೆ. ನಿನ್ನ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಆ ಪೊರೆ ಹರಿದರೆ ಕೇಳಿಸುವುದೇ ಟಕಟಕ.

ಎಣ್ಣೆ ಇರುವುದು ಇಂಜಿನ್ನಿನ ತಳದ ಚೇಂಬರಿನಲ್ಲಿ. ಅಲ್ಲಿಂದ ಪಂಪು ಅದನ್ನು ಹೀರಿ ಮೇಲಕ್ಕೆ ತಳ್ಳುತ್ತದೆ. ಆ ಕೆಂಪು ದೀಪ ತೋರಿಸುವುದು ಎಣ್ಣೆ ಎಷ್ಟಿದೆ ಎಂಬುದನ್ನಲ್ಲ, ಎಣ್ಣೆಯ ಒತ್ತಡವನ್ನು. ಬಹಳ ಜನ ಹಿರಿಯರಿಗೂ ಇದು ಗೊತ್ತಿಲ್ಲ. ಪೆಟ್ರೋಲ್ ಮುಳ್ಳಿನ ಹಾಗೆ ಇದೂ ಮುಂಚಿತವಾಗಿ ಎಚ್ಚರಿಸುತ್ತದೆಂದು ತಿಳಿದಿದ್ದಾರೆ. ಹಾಗಲ್ಲ. ದೀಪ ಹತ್ತಿತೆಂದರೆ ಪಂಪಿಗೆ ಎಣ್ಣೆ ಸಿಗುತ್ತಿಲ್ಲ ಎಂದೇ ಹೆಚ್ಚಿನ ಪಾಲು ಅರ್ಥ. ನನ್ನ ಚೇಂಬರಿನಲ್ಲಿ ಎಣ್ಣೆ ತಳ ಸೇರಿತ್ತು. ತಿರುವಿನಲ್ಲಿ ಅದು ಒಂದು ಪಕ್ಕಕ್ಕೆ ವಾಲಿದಾಗ ಪಂಪಿನ ಬಾಯಿಗೆ ಬರೀ ಗಾಳಿ. ಮೊಮ್ಮಗಳು ಕಂಡದ್ದು ಅದನ್ನೇ. ಆ ದೀಪ ಹತ್ತಿದರೆ ಮನೆ ಬರಲಿ, ಪೆಟ್ರೋಲ್ ಬಂಕ್ ಬರಲಿ ಎಂದು ಕಾಯಬಾರದು. ಪಕ್ಕಕ್ಕೆ ತೆಗೆದು ಇಂಜಿನ್ ಆರಿಸಬೇಕು.

ಈಗ ಡಬ್ಬಿಯ ಮೇಲಿನ ಅಂಕಿಗಳಿಗೆ ಬರೋಣ. 20, ಪಕ್ಕದಲ್ಲಿ ಡಬ್ಲ್ಯೂ ಅಕ್ಷರ, ಆಮೇಲೆ 40 ಅಥವಾ 50 ಎಂದು ಬರೆದಿರುತ್ತದೆ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಹೇಳುವುದು ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅಂಕಿ ಚಿಕ್ಕದಾದಷ್ಟೂ ಸಲೀಸು. 20ಡಬ್ಲ್ಯೂ ಎಣ್ಣೆಯಲ್ಲಿ ಇಂಜಿನ್ ತಿರುಗುತ್ತದೆಯೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. 5ಡಬ್ಲ್ಯೂ ಆದರೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಸಂಕ್ರಾಂತಿಯ ಮುಂಜಾನೆ ಹಂಪಿಯ ಹೊಳೆದಂಡೆಯಲ್ಲಿ ನಾವು ಶಾಲು ಹೊದ್ದು ನಡುಗುತ್ತೇವೆ ನಿಜ, ಆದರೆ ಅದು ಇಂಜಿನ್ನಿನ ಲೆಕ್ಕದಲ್ಲಿ ಚಳಿಯೇ ಅಲ್ಲ. ಹಾಗಾಗಿ 20ಡಬ್ಲ್ಯೂ ಎಣ್ಣೆ ನಮ್ಮೂರಿನಲ್ಲಿ ಗಟ್ಟಿಯಾಗಿ ಕೂತುಬಿಡುವ ಭಯವಿಲ್ಲ.

ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಗುರುತು. ಇದನ್ನು ಅಳೆಯುವ ಮಾನದ ಹೆಸರು ಸೆಂಟಿಸ್ಟೋಕ್ಸ್. ಮನೆಯ ಕೊಡದ ನೀರು ಈ ಲೆಕ್ಕದಲ್ಲಿ ಸುಮಾರು 1. ಕಾದ ಎಣ್ಣೆ, 30 ಎಂದು ಬರೆದಿದ್ದರೆ 9.3ರಿಂದ 12.5ರೊಳಗೆ, 40 ಎಂದಿದ್ದರೆ 16.3ರೊಳಗೆ, 50 ಎಂದಿದ್ದರೆ 21.9ರೊಳಗೆ ಇರಬೇಕು.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಎರಡು ಚಮಚ ಔಡಲೆಣ್ಣೆ ತೆಗೆದುಕೊ. ಒಂದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡು, ಇನ್ನೊಂದನ್ನು ಬಿಸಿಲಲ್ಲಿ. ಆಮೇಲೆ ಸ್ಟೀಲ್ ತಟ್ಟೆಯ ಒಂದೇ ಅಂಚಿನಲ್ಲಿ ಎರಡನ್ನೂ ಸುರಿದು ತಟ್ಟೆ ಓರೆಮಾಡು. ಯಾವುದು ಮೊದಲು ಕೆಳಗಿಳಿಯುತ್ತದೆ ಎನ್ನುವುದನ್ನು ನಾನು ಹೇಳಬೇಕಾಗಿಲ್ಲ. ಒಂದೇ ಎಣ್ಣೆ, ಬಿಸಿ ಬೇರೆ, ನಡತೆ ಬೇರೆ. ಹಿಂದಿನ ಕಾಲದಲ್ಲಿ ಹಿಮ ಬೀಳುವ ದೇಶಗಳವರು ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಣ್ಣೆ ಬದಲಿಸುತ್ತಿದ್ದರು. ಈಗಿನ ಎಣ್ಣೆಯಲ್ಲಿ ಉದ್ದುದ್ದ ಸರಪಳಿಯಂಥ ಅಣುಗಳನ್ನು ಬೆರೆಸಿರುತ್ತಾರೆ. ತಣ್ಣಗಿದ್ದಾಗ ಅವು ಮುದುಡಿಕೊಂಡಿರುತ್ತವೆ, ಕಾದಾಗ ಬೇಯಿಸಿದ ಶ್ಯಾವಿಗೆಯ ಹಾಗೆ ಬಿಚ್ಚಿಕೊಂಡು ಎಣ್ಣೆ ತೀರ ನೀರಾಗದಂತೆ ತಡೆಯುತ್ತವೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಆ ಶ್ಯಾವಿಗೆ ತುಂಡು ತುಂಡಾಗುತ್ತದೆ. ಎಣ್ಣೆ ಬದಲಿಸಲು ಇದೂ ಒಂದು ಕಾರಣ.

ಹಾಗಾದರೆ ದಪ್ಪ ಎಣ್ಣೆಯಲ್ಲಿ ಕೆಡುಕೇನು? ಬಿಸಿಲೂರು, ಹಳೆ ಇಂಜಿನ್, ಸವೆದು ಸಡಿಲವಾದ ಭಾಗಗಳು. ದಪ್ಪ ಎಣ್ಣೆಯೇ ಒಳ್ಳೆಯದಲ್ಲವೇ ಎಂದು ತಾತ ಕೇಳಿಯೇ ಕೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳ ಇಂಜಿನ್ನುಗಳು 1950ರ ದಶಕದ ಮನೋಧರ್ಮದವು. ಅವಕ್ಕೆ 20ಡಬ್ಲ್ಯೂ-50 ಸಹಜವಾಗಿಯೇ ಒಗ್ಗುತ್ತದೆ. ಆದರೆ 2000ದ ಆಚೀಚೆಯ ಕಾರುಗಳ ಒಳಗಿನ ಸಂದುಗಳು ಕಿರಿದು, ಎಣ್ಣೆ ಹರಿಯುವ ದಾರಿಗಳೂ ಸಣ್ಣವು. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಣ್ಣೆಯೆಲ್ಲ ಚೇಂಬರಿಗೆ ಇಳಿದಿರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಅದು ಮೇಲಿನವರೆಗೆ ಏರಬೇಕು. ಅಲ್ಲಿಯವರೆಗೆ ಮೇಲಿನ ಭಾಗಗಳು ಬರೀ ಹಳೆಯ ಪಸೆಯ ಮೇಲೆ ಉಜ್ಜಾಡುತ್ತವೆ. ಎಣ್ಣೆ ಮಂದವಾದಷ್ಟೂ ಆ ಏರಿಕೆ ನಿಧಾನ. ಪೆಟ್ರೋಲೂ ಒಂದಿಷ್ಟು ಹೆಚ್ಚು ಕುಡಿಯುತ್ತದೆ.

ಅದಕ್ಕಿಂತ ದೊಡ್ಡ ಕೆಡುಕು ನನಗಾದದ್ದು. ಹೊಗೆ ಒಂದು ಕಾಯಿಲೆಯ ಗುರುತು. ನಾನು ಗುರುತನ್ನು ಅಳಿಸಿದೆ, ಕಾಯಿಲೆ ಒಳಗೇ ಇತ್ತು. ಎಣ್ಣೆ ಮೊದಲಿನಂತೆಯೇ ಉರಿದು ಹೋಗುತ್ತಿತ್ತು, ಸ್ವಲ್ಪ ನಿಧಾನವಾಗಿ, ನನ್ನ ಕಣ್ಣಿಗೆ ಕಾಣದಂತೆ.

ಇಂಜಿನ್ ಬಿಚ್ಚಿದ ಮಿಸ್ತ್ರಿ ನನ್ನ ಹಳೆಯ ವಿದ್ಯಾರ್ಥಿ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು. ಅವತ್ತು ಅವನು ಮೇಷ್ಟ್ರು, ನಾನು ಹಿಂದಿನ ಬೆಂಚು. ಅಂಗೈಯ ಮೇಲೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ರಬ್ಬರ್ ಟೋಪಿಯೊಂದನ್ನು ಇಟ್ಟ. “ಇದು ವಾಲ್ ಸೀಲು ಸಾರ್. ಒತ್ತಿ ನೋಡ್ರಿ.” ಒತ್ತಿದೆ, ಗುಂಡಿಯಂತೆ ಗಟ್ಟಿ. ರಬ್ಬರ್ ಬಿಸಿಗೆ ಸೆಡೆದು ಹೋಗಿತ್ತು. ಆ ಸಂದಿನಿಂದ ಎಣ್ಣೆ ಹನಿಹನಿಯಾಗಿ ಸಿಲಿಂಡರಿಗೆ ಇಳಿದು ಸುಡುತ್ತಿತ್ತು. ಆಮೇಲೆ ಗಾಳಿಯ ಫಿಲ್ಟರ್ ತೋರಿಸಿದ. ಸಂಡೂರಿನ ಅದಿರಿನ ಧೂಳು ಇಟ್ಟಿಗೆಯಂತೆ ಕಟ್ಟಿತ್ತು, ಮೂಲೆಯಲ್ಲಿ ಹರಿದಿತ್ತು.

ಈ ಧೂಳಿನ ವಿಷಯ ನಮ್ಮ ಕಡೆಯವರಿಗೆ ಪ್ರತ್ಯೇಕವಾಗಿ ಹೇಳಲೇಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವ ಮುಂಚೆ ಅದಿರು ಲಾರಿಗಳ ಸಾಲು ಹೇಗಿತ್ತು, ರಸ್ತೆಬದಿಯ ಬೇವಿನ ಮರಗಳು ಯಾವ ಬಣ್ಣದಲ್ಲಿದ್ದವು ಎಂದು ಕಂಡವರಿಗೆ ಗೊತ್ತು. ಈಗ ಅಷ್ಟಿಲ್ಲವಾದರೂ ಧೂಳು ಹೋಗಿಲ್ಲ. ಕಬ್ಬಿಣದ ಅದಿರಿನ ಪುಡಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಫಿಲ್ಟರ್ ಹರಿದಿದ್ದರೆ ಅದು ನೇರ ಇಂಜಿನ್ನಿನ ಒಳಗೆ ಹೋಗಿ, ಎಣ್ಣೆಯಲ್ಲಿ ಬೆರೆತು, ಪಿಸ್ಟನ್ನಿನ ರಿಂಗು ಸವೆಸುತ್ತದೆ. ಸಂಡೂರು, ದೋಣಿಮಲೈ ಕಡೆ ಓಡಾಡುವ ಕಾರಿಗೆ ಎಷ್ಟು ದುಬಾರಿ ಎಣ್ಣೆ ಹಾಕಿದರೂ ಫಿಲ್ಟರ್ ನೋಡದಿದ್ದರೆ ವ್ಯರ್ಥ. ಕಾರು ಕಂಪನಿ ಹೇಳಿದ್ದಕ್ಕಿಂತ ಬೇಗ ಅದನ್ನು ಬದಲಿಸಬೇಕು.

ಈಗ ನಿನ್ನ ಕೆಲಸ, ಕಂಪ್ಲಿಯ ಕೂಸೇ. ಹೊಗೆ ಯಾವಾಗ ಬರುತ್ತದೆ ಎಂದು ನೋಡು. ಬೆಳಿಗ್ಗೆ ಮೊದಲ ಬಾರಿ ಸೆಲ್ಫ್ ಹೊಡೆದಾಗ ಒಂದು ಬುಸ್ ಬಂದು ಆಮೇಲೆ ನಿಲ್ಲುತ್ತದೆಯೇ? ಹಾಗಿದ್ದರೆ ಬಹುಶಃ ನನ್ನ ಕಾರಿನ ಕಾಯಿಲೆಯೇ, ವಾಲ್ ಸೀಲು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದಾಗ ಹೊಗೆ ಉಗುಳಿದರೂ ಅದೇ. ಸೀಲು ಬದಲಿಸುವುದು ದೊಡ್ಡ ಆಪರೇಷನ್ ಅಲ್ಲ. ಆದರೆ ದಾರಿಯುದ್ದಕ್ಕೂ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹೊಗೆ ಬರುತ್ತಿದ್ದರೆ, ಏರು ಹತ್ತುವಾಗ ಕಾರಿಗೆ ಉಸಿರು ಸಾಲದಿದ್ದರೆ, ರಿಂಗು ಸವೆದಿರಬಹುದು. ಅದಕ್ಕೆ ಯಾವ ಡಬ್ಬಿಯಲ್ಲೂ ಔಷಧವಿಲ್ಲ. ಇಂಜಿನ್ ಇಳಿಸಬೇಕು, ಇಲ್ಲವೇ ಅಪ್ಪನ ಮಾತು ಕೇಳಬೇಕು. ಇದನ್ನು ತಾತನಿಗೆ ಮೆಲ್ಲಗೆ ಹೇಳು. ಹೊಗೆ ಕಪ್ಪಗಿದ್ದರೆ ಅದು ಪೆಟ್ರೋಲಿನ ತಕರಾರು. ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ, ಗೇಜ್ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಎಣ್ಣೆಗೆ ನೀರು ಸೇರಿದೆ. ಅಂಥ ಕಾರಿನಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಹೊರಡಬಾರದು.

ರಾತ್ರಿ ಕಾರಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ ಬೆಳಿಗ್ಗೆ ತೆಗೆದು ನೋಡು, ಎಣ್ಣೆ ಸೋರುತ್ತಿದೆಯೇ ಎಂದು. (ಈ ವಾರಪತ್ರಿಕೆಯನ್ನು ಹಾಸಬೇಡ. ಅಜ್ಜಿಯರ ಪುಟ ಓದುವವರು ಬೈದಾರು.)

ಇನ್ನು ಗೇಜ್ ಕಡ್ಡಿ. ಭಾನುವಾರ ಬೆಳಿಗ್ಗೆ, ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಲಿ, ಇಂಜಿನ್ ಆರಿರಲಿ, ತಾತ ಪಕ್ಕದಲ್ಲಿರಲಿ. ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ತೂರಿಸಿ ಎಳೆದು ನೋಡಬೇಕು. ಎರಡು ಗುರುತುಗಳ ನಡುವೆ ಎಣ್ಣೆ ಇರಬೇಕು. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಅಪಾಯ. ಮೇಲಿನ ಗುರುತು ದಾಟಿದ್ದರೂ ತಪ್ಪೇ. ಒಳಗೆ ತಿರುಗುವ ಶಾಫ್ಟು ಮಜ್ಜಿಗೆ ಕಡೆದಂತೆ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಲೋಹವನ್ನು ಬಿಡಿಸಿ ಹಿಡಿಯುವ ಶಕ್ತಿಯಿಲ್ಲ. ನೋಡಿದ್ದನ್ನು ತಾರೀಖು, ಕಿಲೋಮೀಟರ್ ಸಮೇತ ನೋಟ್ ಪುಸ್ತಕದಲ್ಲಿ ಬರೆ.

ಎಣ್ಣೆಯ ಆಯ್ಕೆ ಬಂದದ್ದು ಇಷ್ಟಾದ ಮೇಲೆ. ಕಾರಿನ ಜೊತೆ ಕೊಟ್ಟ ಕೈಪಿಡಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇದ್ದೇ ಇರುತ್ತದೆ, ಇಪ್ಪತ್ತು ವರ್ಷದಿಂದ ಯಾರೂ ತೆರೆದಿರುವುದಿಲ್ಲ. ಹಲವು ಹಳೆಯ ಕಾರುಗಳ ಕೈಪಿಡಿಯಲ್ಲಿ ಎಷ್ಟು ಡಿಗ್ರಿ ಹವೆಗೆ ಯಾವ ಎಣ್ಣೆ ಎಂದು ಪಟ್ಟಿಯ ಚಿತ್ರವಿರುತ್ತದೆ. ನಮ್ಮದು ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರು. ಆ ಪಟ್ಟಿಯಲ್ಲಿ ಬಿಸಿಯ ತುದಿಗೆ ಯಾವ ಯಾವ ಎಣ್ಣೆ ಒಪ್ಪಿಗೆಯಾಗಿದೆಯೋ ಅದರೊಳಗೇ ಆರಿಸಬೇಕು. ಪಟ್ಟಿ 30ರ ಎಣ್ಣೆಯನ್ನೂ 40ರದನ್ನೂ ಒಪ್ಪಿದ್ದರೆ, ಬಹಳ ಓಡಿದ ಕಾರಿಗೆ ನಾನು 40 ಹಾಕುತ್ತೇನೆ. ಸೀಲು ಬದಲಿಸಿದ ಮೇಲೆ ನನ್ನ ಕಾರಿಗೆ ಹಾಗೇ ಮಾಡಿದೆ. ಪಟ್ಟಿಯಲ್ಲಿ ಇಲ್ಲದ 50ಕ್ಕೆ ಮತ್ತೆ ಹೋಗಲಿಲ್ಲ.

ಡಬ್ಬಿಯ ಮೇಲೆ ಎಪಿಐ ಎಂಬ ಅಕ್ಷರಗಳ ಮುಂದೆ ಇನ್ನೆರಡು ಅಕ್ಷರ ಇರುತ್ತವೆ. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಇಂಜಿನ್ನಿಗೆ, ಸಿಯಿಂದ ಶುರುವಾದರೆ ಡೀಸೆಲ್‌ಗೆ. ಕೆಲವು ಡಬ್ಬಿಗಳ ಮೇಲೆ ಎರಡೂ ಇರುತ್ತವೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸ ಮಟ್ಟದ ಎಣ್ಣೆ. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಮಾರುತಿ 800ರಂಥ ಕಾರಿಗೆ ಹೊಸ ಮಟ್ಟದ್ದು ಹಾಕಿದರೆ ತೊಂದರೆಯಿಲ್ಲ. ಬೈಕಿನ ಎಣ್ಣೆಯನ್ನು ಕಾರಿಗೂ ಕಾರಿನದನ್ನು ಬೈಕಿಗೂ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಬಹಳಷ್ಟು ಬೈಕುಗಳ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಎಣ್ಣೆಯ ಜಾರುಗುಣಕ್ಕೆ ಅದು ಹಿಡಿತ ತಪ್ಪಬಹುದು.

‘ಹೈ ಮೈಲೇಜ್’ ಎಂದು ಬರೆದ ಎಣ್ಣೆಯ ಬಗ್ಗೆಯೂ ಅವಳು ಕೇಳಿದ್ದಾಳೆ. ನಮ್ಮಲ್ಲಿ ಮೈಲೇಜ್ ಎಂದರೆ ಲೀಟರಿಗೆ ಎಷ್ಟು ಓಡುತ್ತದೆ ಎಂದೇ ಅರ್ಥ, ಹಾಗಾಗಿ ಅಂಗಡಿಯ ಹುಡುಗನೂ “ಪೆಟ್ರೋಲ್ ಉಳೀತೈತ್ರಿ” ಎಂದುಬಿಡುತ್ತಾನೆ. ಅದು ಹಾಗಲ್ಲ. ಬಹಳ ದೂರ ಓಡಿದ ಕಾರಿನ ಎಣ್ಣೆ ಎಂದು. ಅಮೆರಿಕದಲ್ಲಿ 75,000 ಮೈಲಿ, ಅಂದರೆ ಸುಮಾರು 1,20,000 ಕಿಲೋಮೀಟರ್ ದಾಟಿದ ಕಾರುಗಳಿಗೆಂದು ಮಾರುತ್ತಾರೆ. ಒಣಗುತ್ತಿರುವ ರಬ್ಬರ್ ಸೀಲನ್ನು ಸ್ವಲ್ಪ ಮೆತ್ತಗೆ ಮಾಡುವ ಪದಾರ್ಥ ಅದರಲ್ಲಿರುತ್ತದೆ. ಸಣ್ಣ ಒಸರಿಗೆ ಉಪಯೋಗವಾದೀತು, ಗುಂಡಿಯಂತೆ ಗಟ್ಟಿಯಾದ ಸೀಲಿಗೆ ಏನೂ ಮಾಡದು. ನಮ್ಮ ಕಡೆಯ ಅಂಗಡಿಗಳಲ್ಲಿ ಅದನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಸರಿಯಾದ ಸಾಮಾನ್ಯ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಮೇಲು.

ಹೊತ್ತು ಎಂದರೆ? ಒಂದು ಲೆಕ್ಕ ಮಾಡು. ಕಂಪ್ಲಿಯಿಂದ ಹೊಸಪೇಟೆಗೆ ಸುಮಾರು 30 ಕಿಲೋಮೀಟರ್. ಹೋಗಿ ಬಂದರೆ 60. ವರ್ಷಕ್ಕೆ 52 ವಾರ, 3,120 ಕಿಲೋಮೀಟರ್. ಕೈಪಿಡಿ ಹೇಳುವ ಕಿಲೋಮೀಟರ್ ಮುಟ್ಟಲು ನಿಮ್ಮ ತಾತನಿಗೆ ಎರಡು ಮೂರು ವರ್ಷವೇ ಬೇಕಾದೀತು. ಅಷ್ಟು ಕಾಯಬಾರದು. ಎಣ್ಣೆ ನಿಂತಲ್ಲೇ ಹಳಸುತ್ತದೆ. ಇಂಜಿನ್ ಉಸಿರಾಡಿದ ತೇವ, ಸುಡದೆ ಉಳಿದ ಪೆಟ್ರೋಲು ಅದರಲ್ಲಿ ಸೇರುತ್ತವೆ. ಕೈಪಿಡಿಯಲ್ಲಿ ‘ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂದು ಬರೆದಿರುತ್ತದೆ. ಓಟ ಕಡಿಮೆಯಿರುವ ತಾತಂದಿರು ಕಾರಿಗೆ ತಿಂಗಳ ಲೆಕ್ಕವೇ ಹಿಡಿಯಬೇಕು. ಎಣ್ಣೆಯ ಜೊತೆಗೆ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ಒಂದು ಸಮಾಧಾನ, 30 ಕಿಲೋಮೀಟರ್ ಓಡಿದರೆ ಇಂಜಿನ್ ಚೆನ್ನಾಗಿ ಕಾದು ಆ ತೇವ ಆವಿಯಾಗುತ್ತದೆ. ಕೇರಿಯಿಂದ ಸಂತೆಗೆ ಮಾತ್ರ ಹೋಗಿಬರುವ ಕಾರಿನ ಎಣ್ಣೆ ಇದಕ್ಕಿಂತ ಬೇಗ ಕೆಡುತ್ತದೆ.

ಎಣ್ಣೆ ಕೊಳ್ಳುವಾಗ ಸೀಲು ಒಡೆಯದ ಡಬ್ಬಿ ನಿಮ್ಮ ಎದುರಿಗೇ ಒಡೆಸಿ. ಖಾಲಿ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿಯೇ ಎಸೆಯಿರಿ. ಒಳ್ಳೆಯ ಡಬ್ಬಿಗೆ ಕೆಟ್ಟ ಎಣ್ಣೆ ತುಂಬಿ ಮಾರುವವರು ಎಲ್ಲ ಊರಲ್ಲೂ ಇದ್ದಾರೆ. ತೆಗೆದ ಹಳೆಯ ಎಣ್ಣೆಯನ್ನು ಮಿಸ್ತ್ರಿಯ ಡ್ರಮ್ಮಿಗೇ ಬಿಡಬೇಕು. ಅದು ಮತ್ತೆ ಶುದ್ಧೀಕರಣಕ್ಕೆ ಹೋಗುತ್ತದೆ. ಮನೆಯಲ್ಲೇ ಬದಲಿಸಿ ಮೋರಿಗೆ ಸುರಿಯುವವರನ್ನು ನಾನು ಕಂಡಿದ್ದೇನೆ. ಮೋರಿಯ ಮುಂದೆ ಕಾಲುವೆ, ಕಾಲುವೆಯ ಮುಂದೆ ಬಾಳೆತೋಟ. ವಿಜಯನಗರದ ಅರಸರ ಕಾಲದ ತುರ್ತಾ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ, ಹಂಪಿಯ ಹುಡುಗರು ಅದರಲ್ಲೇ ಈಜುತ್ತಾರೆ. ಆ ಕರಿಯ ಎಣ್ಣೆಯನ್ನು ಕೈಗೆ ಬಳಿದುಕೊಳ್ಳುವುದೂ ಒಳ್ಳೆಯದಲ್ಲ, ನೀನು ಕಡ್ಡಿ ಒರೆಸಿದ ಮೇಲೆ ಸೋಪು ಹಾಕಿ ತೊಳೆದುಕೊ.

ನನ್ನ ಮಾರುತಿ ಈಗ 1,70,000 ದಾಟಿದೆ. ಹದಿನೈದು ವರ್ಷ ತುಂಬಿದಾಗ ಪರೀಕ್ಷೆ ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ಮುಂದುವರಿಸಿದೆವು, ಆಮೇಲೆ ಇನ್ನೊಮ್ಮೆ. ಮೊಮ್ಮಗಳು ಕಾಲೇಜಿಗೆ ಬೆಂಗಳೂರಿಗೆ ಹೋದಳು. ಭಾನುವಾರ ಅವಳ ಫೋನ್ ಬಂದರೆ ಮೊದಲು ಕೇಳುವುದು ನನ್ನ ಬಿಪಿಯನ್ನಲ್ಲ. “ತಾತ, ಕಡ್ಡಿ ನೋಡಿದೆಯಾ?”

ನೀನು ಈ ಭಾನುವಾರದಿಂದ ಶುರುಮಾಡು. ಹೊಗೆ ಯಾವಾಗ, ಎಣ್ಣೆ ಎಲ್ಲಿಯವರೆಗೆ, ಎಷ್ಟು ಕಿಲೋಮೀಟರ್, ಮೂರು ಸಾಲು ಸಾಕು. ನಾಲ್ಕು ಭಾನುವಾರದ ಲೆಕ್ಕವನ್ನು ತಾತನಿಗೂ ಅಪ್ಪನಿಗೂ ಒಟ್ಟಿಗೆ ಕೂರಿಸಿ ಓದಿ ಹೇಳು, ಆಮೇಲೆ ಮಿಸ್ತ್ರಿಯ ಹತ್ತಿರ ಮೂವರೂ ಹೋಗಿ. ದೀಪಾವಳಿಗೆ ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ಡಿಕ್ಕಿಯಲ್ಲಿ ಒಂದು ಲೀಟರ್ ಸರಿಯಾದ ಎಣ್ಣೆ ಇಟ್ಟುಕೊಂಡೇ ಅಜ್ಜಿಯನ್ನು ಹೊಸಪೇಟೆಗೆ ಕರೆತರಲು ತಾತನಿಗೆ ಹೇಳು. ಲೆಕ್ಕದ ಒಂದು ನಕಲು ನನಗೂ ಕಳಿಸು.